ಕಾಕಾನ ಲ್ಯಾಪ್‌ಟಾಪ್‌ನೊಳಗಿನ ಕನ್ನಡ

ನಮ್ಮ ಕಾಕಾನ ಅಂಗಡಿಯಲ್ಲಿ ಕೆಲಸಕ್ಕೆ ಇರುವ ಕಂಪ್ಯೂಟರ್ ಮೂರು. ದೀಪಾವಳಿಗೆ ಪೂಜೆ ಆಗುವುದು ಮಾತ್ರ ನಾಲ್ಕಕ್ಕೆ.

ನಾಲ್ಕನೆಯದು ಒಂದು ಲ್ಯಾಪ್‌ಟಾಪ್. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಓಣಿಯೊಂದರಲ್ಲಿರುವ ಆ ಡಿಟಿಪಿ ಅಂಗಡಿಯ ಮೂಲೆಯಲ್ಲಿ, ಕಬ್ಬಿಣದ ಕಪಾಟಿನ ಮೇಲೆ, ಟವೆಲ್ ಹೊದ್ದುಕೊಂಡು ಕೂತಿರುತ್ತದೆ. 2006ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 512 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್ 7. ಬ್ಯಾಟರಿ ಯಾವಾಗಲೋ ಸತ್ತಿದೆ. ಕರೆಂಟ್ ಹೋದರೆ ಅದೂ ಹೋಗುತ್ತದೆ. ಒಂದು ಕಡೆಯ ಕೀಲು ಮುರಿದಿರುವುದರಿಂದ ಸ್ಕ್ರೀನಿನ ಬೆನ್ನಿಗೆ ಒಂದು ದಪ್ಪ ನಿಘಂಟು ಆನಿಸಿ ನಿಲ್ಲಿಸಬೇಕು. ಹಿಂಭಾಗದಲ್ಲಿ ಹಳೇ ಪ್ರಿಂಟರ್ ಸಿಕ್ಕಿಸುವ ಅಗಲವಾದ ಪೋರ್ಟ್ ಇದೆ, ಅದಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಲಾಕ್ ಸಿಕ್ಕಿಸಿದೆ. ಆ ಲಾಕ್ ಕಿತ್ತರೆ ಕಾಕಾ ಮೊಟ್ಟಮೊದಲು ದುಡ್ಡು ಕೊಟ್ಟು ಕೊಂಡ ಕನ್ನಡ ಫಾಂಟ್ ಪ್ಯಾಕೇಜ್ ತೆರೆಯುವುದೇ ಇಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ನನ್ನಂಥವನಿಗೆ ಇದು ಮ್ಯೂಸಿಯಂ ಸಾಮಾನು. ಪ್ರತಿ ಸಲ ಊರಿಗೆ ಹೋದಾಗಲೂ ಕೇಳುತ್ತಿದ್ದೆ: "ಕಾಕಾ, ಇದನ್ನ ಇನ್ನೂ ಯಾಕ ಇಟ್ಕೊಂಡೀರಿ? ಹೊಸಾದು ಕೊಡಸ್ತೀನಿ."

"ಅದನ್ನ ಮಾರಿದ್ರ ಐನೂರು ರೂಪಾಯಿ ಬರೂದಿಲ್ಲ ತಮ್ಮಾ. ಆದ್ರ ಅದರಾಗ ಇರೋದನ್ನ ಐದು ಲಕ್ಷ ಕೊಟ್ರೂ ಯಾರೂ ಮತ್ತ ಟೈಪ್ ಮಾಡಿ ಕೊಡೂದಿಲ್ಲ."

ಮುದುಕರ ಮೋಹ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಹೋದ ವರ್ಷ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದು ಕೇಳಿದ ಒಂದು ಪ್ರಶ್ನೆ ನನ್ನ ಆ ಅಭಿಪ್ರಾಯವನ್ನು ಕೆಡಿಸಿತು.

ಅದಕ್ಕೂ ಮೊದಲು ಊರಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಊರು ಹೆಬ್ಬಳ್ಳಿ. ಹೀಗೆಂದ ತಕ್ಷಣ ಬೆಂಗಳೂರಿನ ಗೆಳೆಯರು ನನ್ನನ್ನೇ ತಿದ್ದುತ್ತಾರೆ: "ಹುಬ್ಬಳ್ಳಿ ತಾನೇ?" ಅಲ್ಲ ಮಾರಾಯ್ರೇ, ಹೆಬ್ಬಳ್ಳಿ. ಧಾರವಾಡ ತಾಲ್ಲೂಕಿನ ಹಳ್ಳಿ. ಹುಬ್ಬಳ್ಳಿ ಅವಳಿ ನಗರದ ಅರ್ಧ. ನಮ್ಮದು ಆ ಅವಳಿ ನಗರಕ್ಕೆ ದಿನಾ ಬಸ್ ಹತ್ತಿ ಹೋಗಿಬರುವ ಊರು. ಎರಡಕ್ಕೂ ಇರುವ ವ್ಯತ್ಯಾಸ ಒಂದು ಸ್ವರದ್ದು. ಮೊದಲ ಅಕ್ಷರಕ್ಕೆ ಎತ್ವ ಕೊಟ್ಟರೆ ನಾವು, ಕೊಂಬು ಕೊಟ್ಟರೆ ಅವರು. ಈ ಒಂದು ಸ್ವರವನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಆ ಹೆಣ್ಣುಮಗಳು ನಮ್ಮೂರ ಮಾಸ್ತರ ಮಗಳು. ಮಾಸ್ತರು ನಿವೃತ್ತರಾದ ಮೇಲೆ ವರ್ಷಗಟ್ಟಲೆ ಓಣಿ ಓಣಿ ತಿರುಗಿ, ಹಿರೀಕರ ಬಾಯಿಂದ ಕೇಳಿ, ಊರಿನ ಇತಿಹಾಸ ಬರೆದಿದ್ದರು. 2003ರಲ್ಲಿ ತಮ್ಮದೇ ಪಿಂಚಣಿ ದುಡ್ಡಿನಲ್ಲಿ 500 ಪ್ರತಿ ಅಚ್ಚು ಹಾಕಿಸಿದರು. ಪುಟ ವಿನ್ಯಾಸ ಮಾಡಿದ್ದು ನಮ್ಮ ಕಾಕಾ. ಈಗ ಮಾಸ್ತರಿಲ್ಲ, ಪ್ರತಿಗಳೂ ಇಲ್ಲ. ಮಗಳ ಕೈಯಲ್ಲಿ ಇದ್ದದ್ದು ಒಂದೇ ಪ್ರತಿ, ಅದೂ ಗೆದ್ದಲು ಹತ್ತಿ ಅಂಚು ಹೋಗಿತ್ತು. ಅವರು ಕೇಳಿದ್ದು ಇಷ್ಟೇ: "ಅಣ್ಣಾರ, ಅಪ್ಪನ ಪುಸ್ತಕ ನಿಮ್ಮ ಕಂಪ್ಯೂಟರ್‌ನ್ಯಾಗ ಐತೇನ್ರಿ?"

"ಐತಿ," ಅಂದ ಕಾಕಾ, ಒಂದು ಕ್ಷಣವೂ ಯೋಚಿಸದೆ, ಟವೆಲ್ ಕಡೆ ಕೈ ತೋರಿಸಿ.

ನನಗೆ ಇದು ಅರ್ಧ ಗಂಟೆಯ ಕೆಲಸ ಅನ್ನಿಸಿತು. ಪೆನ್ ಡ್ರೈವ್‌ಗೆ ಫೈಲ್ ಹಾಕಿಕೊಂಡು ನನ್ನ ಹೊಸ ಲ್ಯಾಪ್‌ಟಾಪ್‌ಗೆ ತಂದೆ. ಅದು ಈ ಫೈಲ್ ಯಾವುದು ಅಂತಲೇ ಗುರುತಿಸಲಿಲ್ಲ. ಸರಿ, ಹಳೆಯದರಲ್ಲೇ ತೆರೆದು ಪಠ್ಯವನ್ನಷ್ಟೇ ಹೊರತೆಗೆದೆ. ತೆರೆದು ನೋಡಿದರೆ ಒಂದೂ ಕನ್ನಡ ಅಕ್ಷರವಿಲ್ಲ. ಎಲ್ಲಿ 'ಕನ್ನಡ' ಅಂತ ಇರಬೇಕಿತ್ತೋ ಅಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಒಂದು ಕ್ಯೂ, ಮತ್ತೆ ಎ.

ಹಳೇ ಸರ್ಕಾರಿ ಫೈಲುಗಳನ್ನು ತೆರೆದಾಗ ಇಂಥ ಕಸ ನೀವೂ ನೋಡಿರುತ್ತೀರಿ. ಅದು ವೈರಸ್ಸಲ್ಲ, ಫೈಲ್ ಕೆಟ್ಟಿದ್ದೂ ಅಲ್ಲ. ಕಂಪ್ಯೂಟರಿನ ಮಟ್ಟಿಗೆ ಮಾಸ್ತರ ಪುಸ್ತಕದಲ್ಲಿ ಮೊದಲಿನಿಂದಲೂ ಕನ್ನಡವೇ ಇರಲಿಲ್ಲ. ಅದು ಹೇಗೆ ಅಂತ ತಿಳಿಯಬೇಕಾದರೆ ಮೊಳೆಗಳ ಕಾಲಕ್ಕೆ ಹೋಗಬೇಕು.

ಕನ್ನಡ ಅಚ್ಚಾಗತೊಡಗಿದ್ದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂದದ್ದು 1817ರಲ್ಲಿ, ಅದೂ ದೂರದ ಬಂಗಾಳದ ಶ್ರೀರಾಮಪುರದಿಂದ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದಾಗ ಅದು ಕಲ್ಲಚ್ಚಿನಲ್ಲಿ ಬಂತು. ಅಂದರೆ ಕೈಯಲ್ಲಿ ಬರೆದದ್ದನ್ನು ಕಲ್ಲಿನ ಮೇಲೆ ಮೂಡಿಸಿ ಒತ್ತುವುದು. ಒಂದೊಂದೇ ಅಕ್ಷರದ ಸೀಸದ ಮೊಳೆ ಎರಕ ಹೊಯ್ದು, ಜೋಡಿಸಿ, ಅಚ್ಚು ಮಾಡುವುದು ಕನ್ನಡಕ್ಕೆ ಸುಲಭದ ಕೆಲಸವಲ್ಲ. ಇಂಗ್ಲಿಷಿಗೆ ದೊಡ್ಡವು 26, ಸಣ್ಣವು 26, ಜೊತೆಗೆ ಅಂಕಿ, ಚಿಹ್ನೆ. ನಮಗೆ ಕಾಗುಣಿತವಿದೆ, ಒತ್ತಕ್ಷರವಿದೆ, ಅರ್ಕಾವೊತ್ತು ಇದೆ. ಎಲ್ಲ ಜೋಡಿಗೂ ಒಂದೊಂದು ಮೊಳೆ ಮಾಡುತ್ತ ಹೋದರೆ ಊರು ತುಂಬ ಖಾನೆ ಬೇಕು. ಹಾಗಾಗಿ ಅಕ್ಷರವನ್ನು ತುಂಡು ಮಾಡಿದರು: ಮೈ ಬೇರೆ, ದೀರ್ಘ ಬೇರೆ, ಕೆಳಗಿನ ಒತ್ತು ಬೇರೆ. ಹಾಗೆ ಮಾಡಿದರೂ ನೂರಾರು ಖಾನೆ. ಇಂಥ ಮೊಳೆಗಳಿಂದಲೇ ಬಾಸೆಲ್ ಮಿಷನ್‌ನ ಮಂಗಳೂರು ಅಚ್ಚುಕೂಟ 1894ರಲ್ಲಿ ಕಿಟ್ಟೆಲ್ ನಿಘಂಟನ್ನು ಹೊರತಂದಿತು. ಸುಮಾರು 70,000 ಪದಗಳ ನಿಘಂಟು. ಅದನ್ನು ಮೊಳೆ ಮೊಳೆಯಾಗಿ ಜೋಡಿಸಿದವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ.

ನಮ್ಮ ಕಡೆ ಅಚ್ಚು ಅನ್ನೋದು ಬರೀ ವ್ಯಾಪಾರವಾಗಿರಲಿಲ್ಲ. ಮುಂಬೈ ಪ್ರಾಂತ್ಯದ ಭಾಗವಾಗಿದ್ದ ಧಾರವಾಡ ಸೀಮೆಯಲ್ಲಿ ಕಚೇರಿ, ಶಾಲೆಗಳಲ್ಲಿ ಮರಾಠಿ ಮೇಲುಗೈ ಪಡೆದಿದ್ದ ಕಾಲವೊಂದಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಅದೇ ಸಂಕಟದಿಂದ. 1896ರಲ್ಲಿ ಅದು 'ವಾಗ್ಭೂಷಣ' ಪತ್ರಿಕೆ ಹೊರಡಿಸಿತು. 1933ರಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಬಂತು. ಬೆಳಗಾವಿಯಲ್ಲಿ ಹುಟ್ಟಿದ 'ಸಂಯುಕ್ತ ಕರ್ನಾಟಕ' ಹುಬ್ಬಳ್ಳಿಗೆ ಬಂದು ನೆಲೆನಿಂತಿತು. 1956ರಲ್ಲಿ ಇಲ್ಲಿಂದಲೇ 'ಕಸ್ತೂರಿ' ಹೊರಟಿತು. ಕನ್ನಡದಲ್ಲಿ ಅಚ್ಚಾದರೆ ಮಾತ್ರ ಕನ್ನಡ ಉಳಿಯುತ್ತದೆ ಅಂತ ನಂಬಿದ ಸೀಮೆ ಇದು. ಆ ನಂಬಿಕೆಯ ಕೆಳಗಡೆ ಕೈ ಮಸಿ ಮಾಡಿಕೊಂಡು ನಿಂತಿದ್ದವರಲ್ಲಿ ನಮ್ಮ ಅಜ್ಜನೂ ಒಬ್ಬ.

ಅಜ್ಜ ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ಕಂಪೋಜಿಟರ್. ಎಡಗೈಯಲ್ಲಿ ಸ್ಟಿಕ್ ಹಿಡಿದು, ಬಲಗೈಯಲ್ಲಿ ಖಾನೆಯಿಂದ ಮೊಳೆ ಎತ್ತಿ ಜೋಡಿಸುವುದು. ಕನ್ನಡಿಯೊಳಗೆ ಕಂಡ ಹಾಗೆ ಉಲ್ಟಾ ಇರುವ ಅಕ್ಷರಗಳನ್ನು ನಮಗಿಂತ ಜೋರಾಗಿ ಓದುತ್ತಿದ್ದ. ಅವನ ಕೆಲಸದಲ್ಲಿ ನನಗೆ ಚಿಕ್ಕಂದಿನಲ್ಲಿ ವಿಚಿತ್ರ ಅನ್ನಿಸಿದ್ದು ಒಂದೇ. ಪುಸ್ತಕ ಅಚ್ಚಾದ ಮೇಲೆ ಕಟ್ಟಿದ ಪುಟವನ್ನು ಬಿಚ್ಚಿ, ಒಂದೊಂದು ಮೊಳೆಯನ್ನೂ ತೊಳೆದು ವಾಪಸ್ ಅದರದರ ಖಾನೆಗೆ ಹಾಕಬೇಕಿತ್ತು. ಯಾಕೆಂದರೆ ನಾಳೆಯ ಪುಟಕ್ಕೂ ಅವೇ ಮೊಳೆ. ತಿಂಗಳುಗಟ್ಟಲೆ ಜೋಡಿಸಿದ್ದನ್ನು ತಾನೇ ಕೆಡಿಸುವುದು. ಮತ್ತೆ ಅದೇ ಪುಸ್ತಕ ಬೇಕೆಂದರೆ ಮೊದಲಿನಿಂದ ಜೋಡಿಸಬೇಕು.

ಹೀಗಾಗಿ ಕಾಕಾ ಡಿಟಿಪಿ ಕಲಿತು ಮೊದಲ ಪುಸ್ತಕ ಮಾಡಿದಾಗ ಅಜ್ಜ ಕೇಳಿದ್ದು ವೇಗದ ಬಗ್ಗೆ ಅಲ್ಲ, ಅಂದಚೆಂದದ ಬಗ್ಗೆಯೂ ಅಲ್ಲ. "ಬಿಚ್ಚೂದು ಬ್ಯಾಡೇನು? ಕಟ್ಟಿದ್ದು ಹಂಗ ಇರ್ತೈತೇನು?" ಅಂತ. ಕಾಕಾ 1.44 ಎಂಬಿಯ ಫ್ಲಾಪಿ ತೋರಿಸಿದನಂತೆ: "ಇದರಾಗ ಇರ್ತೈತಿ ಅಪ್ಪಾ, ಯಾವಾಗ ಬೇಕಾದ್ರೂ ತಗೀಬಹುದು." ಅಜ್ಜ ಫ್ಲಾಪಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕಣ್ಣಿಗೆ ಒತ್ತಿಕೊಂಡನಂತೆ.

ಕಾಕಾ ಸುಳ್ಳು ಹೇಳಿರಲಿಲ್ಲ. ಆದರೆ ಫ್ಲಾಪಿಯೊಳಗೆ ಏನು ಕೂತಿದೆ ಅನ್ನೋದು ಅವನಿಗೂ ಗೊತ್ತಿರಲಿಲ್ಲ.

ಪೇಜ್‌ಮೇಕರ್ ಬಂದದ್ದು 1985ರಲ್ಲಿ, ಆಲ್ಡಸ್ ಅನ್ನುವ ಅಮೆರಿಕದ ಕಂಪನಿಯಿಂದ. 1994ರಲ್ಲಿ ಆ ಕಂಪನಿಯನ್ನು ಅಡೋಬಿ ಕೊಂಡಿತು. ಜಗತ್ತಿನಲ್ಲಿ ಸಣ್ಣ ಅಚ್ಚುಕೂಟಗಳ ಹಣೆಬರಹ ಬದಲಿಸಿದ ತಂತ್ರಾಂಶ ಇದು. ಒಂದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್ ಇದ್ದರೆ ಯಾರು ಬೇಕಾದರೂ ಪುಟ ಕಟ್ಟಬಹುದು. ಆದರೆ ಪೇಜ್‌ಮೇಕರ್‌ಗೆ ಗೊತ್ತಿದ್ದದ್ದು ರೋಮನ್ ಅಕ್ಷರ. ಒಂದು ಫಾಂಟಿನಲ್ಲಿ ಇದ್ದ ಜಾಗ 256 ಖಾನೆ, ಅದರಲ್ಲೂ ಕೆಲವು ಬಳಸುವಂತಿಲ್ಲ.

ನಮ್ಮವರು ಮಾಡಿದ್ದು ಒಂದು ಜಾಣ ಉಪಾಯ. ಆ ಖಾನೆಗಳಲ್ಲಿದ್ದ ರೋಮನ್ ಅಕ್ಷರಗಳನ್ನು ತೆಗೆದು ಕನ್ನಡದ ತುಂಡುಗಳನ್ನು ಕೂರಿಸಿದರು. ಪಿ ಇದ್ದಲ್ಲಿ ತಲೆಕಟ್ಟಿಲ್ಲದ ಕ. ತಲೆ ಮೇಲೆ ಗೀಟಿರುವ ಎ ಇದ್ದಲ್ಲಿ ತಲೆಕಟ್ಟು. ಕ್ಯೂ ಇದ್ದಲ್ಲಿ ತಲೆಕಟ್ಟಿಲ್ಲದ ಡ. ಕಂಪ್ಯೂಟರ್ ತಾನು ಪಿ ಬರೆಯುತ್ತಿದ್ದೇನೆ ಅಂದುಕೊಂಡಿರುತ್ತದೆ, ಪರದೆಯ ಮೇಲೆ ನಮಗೆ ಕ ಕಾಣುತ್ತದೆ. ಅಜ್ಜನ ಖಾನೆಗಳೇ ಮತ್ತೆ ಬಂದ ಹಾಗಾಯಿತು; ಸೀಸದ ಬದಲು ಚಿತ್ರ, ಅಷ್ಟೇ.

ನುಡಿಯ ಹಳೆಯ ಫಾಂಟುಗಳಲ್ಲಿ ನಮ್ಮೂರ ಹೆಸರು ಹೀಗೆ ಕೂತಿರುತ್ತದೆ: ಮೇಲೆ ತೇಲುವ ಒಂದು ಸಣ್ಣ ಸೊನ್ನೆ, ಗೀಟು ಹೊತ್ತ ಇಂಗ್ಲಿಷ್ ಇ, ಕಾನೂನು ಪುಸ್ತಕದ ಸೆಕ್ಷನ್ ಗುರುತು, ಟೋಪಿ ಹಾಕಿದ ಎ, ಅರ್ಧ ಅನ್ನುವ ಅಂಕಿ, ಟೋಪಿ ಹಾಕಿದ ಐ. ಆರು ಚಿಹ್ನೆ. ಸೊನ್ನೆಯ ಪಕ್ಕದ ಇ ತೆಗೆದು ಎರಡು ಬಗೆಯ ಎ ಹಾಕಿದರೆ ಅದೇ ಹುಬ್ಬಳ್ಳಿ. 'ಳ್ಳಿ'ಯೊಳಗೆ 'ಅರ್ಧ' ಕೂತಿದೆ ಅನ್ನೋದನ್ನು ನೋಡಿ ಕಾಕಾ ನಕ್ಕ: "ಅದಕ್ಕ ನೋಡು ನಮ್ಮೂರಿಗೆ ಬಸ್ ಯಾವಾಗ್ಲೂ ಅರ್ಧ ತಾಸು ಲೇಟು."

ಈ ಉಪಾಯದಲ್ಲಿ ಎರಡು ತೊಡಕಿತ್ತು. ಒಂದು, ಯಾವ ತುಂಡು ಯಾವ ಖಾನೆಗೆ ಅನ್ನೋದನ್ನು ಒಬ್ಬೊಬ್ಬರು ಒಂದೊಂದು ರೀತಿ ನಿರ್ಧರಿಸಿದರು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಲ್ಲದರ ಖಾನೆಗಳೂ ಬೇರೆ ಬೇರೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲು ಬಾರದು. ಎರಡು, ಕಂಪ್ಯೂಟರ್ ಒಳಗೊಳಗೇ ಇದನ್ನು ಇಂಗ್ಲಿಷ್ ಅಂತಲೇ ತಿಳಿದಿರುತ್ತಿತ್ತು. ವರ್ಡ್‌ನಲ್ಲಿ ವಾಕ್ಯದ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುವ ಸೌಲಭ್ಯ ಬಂದ್ ಮಾಡದಿದ್ದರೆ, ಡ ಅಂತ ಶುರುವಾದ ವಾಕ್ಯ ಇದ್ದಕ್ಕಿದ್ದ ಹಾಗೆ ಕಿ ಅಂತ ಶುರುವಾಗುತ್ತಿತ್ತು. ಯಾಕೆಂದರೆ ಸಣ್ಣ ಕ್ಯೂ ಅಂದರೆ ಡ, ದೊಡ್ಡ ಕ್ಯೂ ಅಂದರೆ ಕಿ!

ಈ ಗೊಂದಲದ ನಡುವೆ ದೂರ ನೋಡಿದವರೂ ಇದ್ದರು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ಅಂಥದ್ದು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟಿದ್ದರು. ಅಕ್ಷರದ ಆಕಾರ ನೋಡಬೇಡಿ, ಬಾಯಲ್ಲಿ ಬರುವ ಧ್ವನಿ ನೋಡಿ ಅನ್ನೋದು ಆ ಕೀಲಿಮಣೆಯ ತತ್ವ. ಹೆಬ್ಬಳ್ಳಿ ಅಂತ ಟೈಪ್ ಮಾಡಲು ಒತ್ತುವ ಕೀಲಿಗಳು ಒಂಬತ್ತು: ಹ, ಎತ್ವ, ಬ, ಕೂಡಿಸುವ ಕೀಲಿ, ಬ, ಳ, ಕೂಡಿಸುವ ಕೀಲಿ, ಳ, ಗುಡಿಸು. ನಾಲಿಗೆ ಹೋಗುವ ಹಾದಿಯಲ್ಲೇ ಬೆರಳೂ ಹೋಗುತ್ತದೆ. ಈ ವಿನ್ಯಾಸವನ್ನೇ ಕರ್ನಾಟಕ ಸರ್ಕಾರ ಮಾನ್ಯ ಮಾಡಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯಲ್ಲೂ ಅದೇ ಬಂತು. ಶೇಷಾದ್ರಿ ವಾಸು 1998ರಲ್ಲಿ ಬರಹ ಹೊರತಂದಿದ್ದರು. ದುಡ್ಡಿಲ್ಲದೆ ಕನ್ನಡ ಟೈಪ್ ಮಾಡಬಹುದು ಅನ್ನುವ ಕಾಲ ಬಂತು. ಕಾಕಾ ಆ ಲಾಕ್ ಬೇಕಿರುವ ಪ್ಯಾಕೇಜ್ ಬಿಟ್ಟು ನುಡಿಗೆ ಬಂದದ್ದು ಆಗಲೇ, ಮಾಸ್ತರ ಪುಸ್ತಕದ ಹೊತ್ತಿಗೆ.

ಅಷ್ಟರಲ್ಲಿ ಸರಿಯಾದ ಪರಿಹಾರವೂ ಹುಟ್ಟಿತ್ತು. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿತ್ತು. ಭಾರತ ಸರ್ಕಾರ 1988ರಲ್ಲಿ ರೂಪಿಸಿದ ಇಸ್ಕಿ ಅನ್ನುವ ಸಂಕೇತ ಪದ್ಧತಿ ಅದಕ್ಕೆ ಬುನಾದಿ. ಯೂನಿಕೋಡ್‌ನಲ್ಲಿ ಕ ಅಂದರೆ ಕ, ಪಿ ಅಲ್ಲ. ಹೆಬ್ಬಳ್ಳಿ ಅಂದರೆ ಒಂಬತ್ತು ಸಂಕೇತ, ಕೆ.ಪಿ. ರಾವ್ ಕೀಲಿಮಣೆಯಲ್ಲಿ ಒತ್ತುವ ಅದೇ ಒಂಬತ್ತು, ಅದೇ ಕ್ರಮದಲ್ಲಿ.

ಹಾಗಾದರೆ ಹುಬ್ಬಳ್ಳಿಯ ಡಿಟಿಪಿ ಅಂಗಡಿಗಳು ಅವತ್ತೇ ಯಾಕೆ ಬದಲಾಗಲಿಲ್ಲ? ನಾವು ಐಟಿಯವರು ಇದಕ್ಕೆ ಥಟ್ಟನೆ ಉತ್ತರ ಕೊಡುತ್ತೇವೆ: ಅವರಿಗೆ ಅಪ್‌ಡೇಟ್ ಆಗೋದು ಇಷ್ಟ ಇಲ್ಲ. ನಾನೂ ಹಾಗೇ ಹೇಳುತ್ತಿದ್ದೆ. ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದ ಮೇಲೆ ನಾಚಿಕೆಯಾಯಿತು.

ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ, ತುಂಗಾ ಅನ್ನುವ ಕನ್ನಡ ಫಾಂಟನ್ನು ಜೊತೆಗೆ ಇಟ್ಟುಕೊಂಡು. ಪೇಜ್‌ಮೇಕರ್ 7 ಬಂದದ್ದೂ 2001ರಲ್ಲೇ, ಆದರೆ ಅದಕ್ಕೆ ಯೂನಿಕೋಡ್ ಗೊತ್ತಿರಲಿಲ್ಲ. ಅದೇ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ. ಅಂದರೆ ಅದೇ ಲ್ಯಾಪ್‌ಟಾಪಿನ ನೋಟ್‌ಪ್ಯಾಡ್‌ಗೆ ಕನ್ನಡ ಬರುತ್ತಿತ್ತು, ಪುಸ್ತಕ ಕಟ್ಟುವ ತಂತ್ರಾಂಶಕ್ಕೆ ಬರುತ್ತಿರಲಿಲ್ಲ. ಅಡೋಬಿಯ ಇನ್‌ಡಿಸೈನ್ 1999ರಲ್ಲೇ ಬಂದಿತ್ತು. ಭಾರತೀಯ ಲಿಪಿಗಳನ್ನು ಸರಿಯಾಗಿ ಕೂಡಿಸುವ ವ್ಯವಸ್ಥೆ ಅದರಲ್ಲಿ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಪುಕ್ಕಟೆ ಸಿಗುವ ಸ್ಕ್ರೈಬಸ್‌ಗೆ ಇಂಥ ಲಿಪಿಗಳು ಬಂದದ್ದು 2017ರ 1.5.3ರಲ್ಲಿ. 2001ರಿಂದ 2012ರವರೆಗೆ ಹನ್ನೊಂದು ವರ್ಷ ಇಲ್ಲಿಯ ಅಂಗಡಿಗಳು ಲಗ್ನಪತ್ರಿಕೆ ಮಾಡದೆ, ಪುಸ್ತಕ ಮಾಡದೆ, ಕೈಕಟ್ಟಿ ಕೂರಬೇಕಿತ್ತೇ?

ಅವರು ಕೈಯಲ್ಲಿದ್ದ ಉಪಕರಣದಲ್ಲಿ ಕನ್ನಡ ಅಚ್ಚು ಹಾಕಿದರು. ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಂಡದ್ದು ಸುಮ್ಮನೆ ಅಲ್ಲ. ಉಪಕರಣ ಬೇರೆಯವರದಾದಾಗ ಅದು ನಮ್ಮ ಭಾಷೆಗಾಗಿ ಕಾಯುವುದಿಲ್ಲ.

ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿತು. ಪೇಜ್‌ಮೇಕರ್ ಫೈಲುಗಳನ್ನು ಇನ್‌ಡಿಸೈನ್ ತೆರೆಯುತ್ತಿದ್ದದ್ದು ಸಿಎಸ್6ವರೆಗೆ ಮಾತ್ರ. ತಿಂಗಳ ಬಾಡಿಗೆಯ ಲೆಕ್ಕದಲ್ಲಿ ಸಿಗುವ ಆಮೇಲಿನ ಆವೃತ್ತಿಗಳು ಅವನ್ನು ಮುಟ್ಟುವುದಿಲ್ಲ. ಹೀಗೆ ಕಪಾಟಿನ ಮೇಲಿನ ಆ ಲ್ಯಾಪ್‌ಟಾಪೇ ಅಂಗಡಿಯ ಇಪ್ಪತ್ತು ವರ್ಷದ ಕೆಲಸಕ್ಕೆ ಉಳಿದ ಏಕೈಕ ಕನ್ನಡಕವಾಯಿತು.

ಅಜ್ಜನ ಕಾಲದಲ್ಲಿ ಮೊಳೆ ಬಿಚ್ಚಿ ಹಾಕಿದರೂ ಪುಸ್ತಕ ಉಳಿಯುತ್ತಿತ್ತು, ಕಣ್ಣಿದ್ದವರೆಲ್ಲ ಓದಬಹುದಿತ್ತು. ಕಾಕಾನ ಕಾಲದಲ್ಲಿ ಕಟ್ಟಿದ ಪುಟ ಹಾಗೇ ಉಳಿಯಿತು. ಓದಲು ಅದೇ ಲ್ಯಾಪ್‌ಟಾಪ್ ಬೇಕು. ನಾವು ಉಳಿಸಿದ್ದೇವೆ ಅಂದುಕೊಂಡದ್ದು ಅಕ್ಷರವನ್ನಲ್ಲ, ಅಕ್ಷರದ ಚಿತ್ರವನ್ನು. ಅಜ್ಜ ಕಣ್ಣಿಗೆ ಒತ್ತಿಕೊಂಡದ್ದು ಅದನ್ನೇ.

ಇಷ್ಟು ಅರ್ಥವಾದ ಮೇಲೆ ಮೊದಲು ಮಾಡಿದ ಕೆಲಸ ಹಾರ್ಡ್ ಡಿಸ್ಕ್ ಉಳಿಸಿಕೊಳ್ಳುವುದು. ಅದು ಆಗಲೇ ಟಿಕ್ ಟಿಕ್ ಅನ್ನುತ್ತಿತ್ತು. ಇಡೀ ಡಿಸ್ಕನ್ನು ಇದ್ದ ಹಾಗೇ ನಕಲು ಮಾಡಿ, ನನ್ನ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮಷಿನ್ ಮಾಡಿ, ಹಳೇ ಎಕ್ಸ್‌ಪಿಯನ್ನು ಹೊಸ ಯಂತ್ರದೊಳಗೆ ಎಬ್ಬಿಸಿದೆ. ಪೇಜ್‌ಮೇಕರ್ ತೆರೆಯಿತು. ಕಾಕಾ ಎರಡೂ ಪರದೆ ನೋಡಿ, "ಆತ್ಮ ಬಂತು, ದೇಹ ಹಳೇದಽ," ಅಂದ. ಲಾಕ್ ಕೇಳುವ ಆ ಹಳೇ ಪ್ಯಾಕೇಜ್ ಮಾತ್ರ ಹೊಸ ದೇಹವನ್ನು ಒಪ್ಪಲಿಲ್ಲ. ಅದಕ್ಕೆ ಮೂಲ ಲ್ಯಾಪ್‌ಟಾಪೇ ಬೇಕು.

ಆಮೇಲೆ ಒಂದೊಂದು ಅಧ್ಯಾಯದ ಪಠ್ಯವನ್ನು ಹೊರತೆಗೆದು, ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟೆ. ಕನ್ನಡದ ಹುಡುಗರು ಪುಕ್ಕಟೆಯಾಗಿ ಮಾಡಿ ಹಂಚಿರುವ ಪರಿವರ್ತಕಗಳಿವೆ. ಅವು ಮಾಡುವ ಕೆಲಸ ನೋಡಿದಷ್ಟು ಸುಲಭವಲ್ಲ. ಹಳೇ ಫಾಂಟಿನಲ್ಲಿ ತುಂಡುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿವೆ, ಯೂನಿಕೋಡ್‌ನಲ್ಲಿ ನಾಲಿಗೆ ನುಡಿಯುವ ಕ್ರಮದಲ್ಲಿ. 'ಧರ್ಮ' ಅಂದಾಗ ನಾವು ರ್ ಮೊದಲು ಹೇಳುತ್ತೇವೆ, ಆಮೇಲೆ ಮ. ಬರೆಯುವಾಗ ಮ ಬರೆದು ಅರ್ಕಾವೊತ್ತನ್ನು ಅದರ ಬಲಕ್ಕೆ ಇಡುತ್ತೇವೆ. ಪರಿವರ್ತಕ ಅದನ್ನು ಎತ್ತಿ ಮ ಹಿಂದಕ್ಕೆ ಒಯ್ಯಬೇಕು. 'ಳ್ಳಿ'ಯಲ್ಲಿ ಗುಡಿಸನ್ನು ಮೇಲಿನ ಅಕ್ಷರದಿಂದ ಬಿಡಿಸಿ ಒತ್ತಿನ ಆಚೆ ಇಡಬೇಕು.

ಮುಖ್ಯ ಅಧ್ಯಾಯಗಳು ಚೆನ್ನಾಗಿ ಬಂದವು. ಮಾಸ್ತರು ನಡುನಡುವೆ ಕೊಟ್ಟಿದ್ದ ಇಂಗ್ಲಿಷ್ ಹೆಸರುಗಳು ಮಾತ್ರ ಹಾಳಾದವು. 1884ರ ಧಾರವಾಡ ಜಿಲ್ಲಾ ಗೆಜೆಟಿಯರ್‌ನಿಂದ ಎತ್ತಿದ ಸಾಲುಗಳಿದ್ದಲ್ಲೆಲ್ಲ ಪರಿವರ್ತಕ ನಿಜವಾದ ಇಂಗ್ಲಿಷನ್ನೂ ಕನ್ನಡವೆಂದು ತಿಳಿದು, ಯಾವ ಭಾಷೆಯೂ ಅಲ್ಲದ ಏನನ್ನೋ ಮಾಡಿಟ್ಟಿತ್ತು. ಅವನ್ನು ಒಂದೊಂದಾಗಿ ತಿದ್ದಿದೆವು.

ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಅನುಬಂಧದಲ್ಲಿ. ಊರಿನ ಹೊಲಗಳ ಹಳೇ ಹೆಸರು, ಬಾವಿಗಳ ಹೆಸರು, ಈಗಿಲ್ಲದ ಓಣಿಗಳ ಹೆಸರು. ಎಲ್ಲ ಬಾಯಿಂದ ಬಾಯಿಗೆ ಬಂದದ್ದು, ಬೇರೆಲ್ಲೂ ಬರೆದಿಲ್ಲ. ಹೇಳಿದ ಹಿರೀಕರು ಯಾರೂ ಉಳಿದಿಲ್ಲ. ಈ ಹನ್ನೊಂದು ಪುಟಗಳನ್ನು ಕಾಕಾ ಮೊದಲೇ ಆ ಲಾಕ್ ಇರುವ ಪ್ಯಾಕೇಜಿನಲ್ಲಿ ಟೈಪ್ ಮಾಡಿಟ್ಟಿದ್ದ. ಖಾನೆಗಳೇ ಬೇರೆ, ನಮ್ಮ ಪರಿವರ್ತಕಕ್ಕೆ ತಲೆಬುಡ ತಿಳಿಯಲಿಲ್ಲ. ಮಗಳ ಹತ್ತಿರ ಇದ್ದ ಪ್ರತಿಯಲ್ಲಿ ಗೆದ್ದಲು ತಿಂದದ್ದೂ ಕೊನೆಯ ಪುಟಗಳನ್ನೇ.

ಆಗ ಕಾಕಾ ಟವೆಲ್ ಸರಿಸಿ, ನಿಘಂಟು ಆನಿಸಿ, ಮೂಲ ಲ್ಯಾಪ್‌ಟಾಪ್ ಮುಂದೆ ಕೂತ. "ನಾ ಓದ್ತೀನಿ, ನೀ ಹೊಡಿ," ಅಂದ. ಅವನು ಹಳೇ ಪರದೆ ನೋಡಿ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾ ಹೋದ, ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡುತ್ತಾ ಹೋದೆ. ಅಜ್ಜನ ಪ್ರೆಸ್ಸಿನಲ್ಲೂ ಹೀಗೇ ಅಂತೆ: ಒಬ್ಬ ಮೂಲ ಓದುವುದು, ಇನ್ನೊಬ್ಬ ಪ್ರೂಫ್ ನೋಡುವುದು. ಮೂರು ಸಂಜೆ ಹಿಡಿಯಿತು. ನಡುವೆ ಒಮ್ಮೆ ಕರೆಂಟ್ ಹೋಗಿ ಹಳೆಯದು ಆರಿತು. ಮತ್ತೆ ಏಳುವವರೆಗಿನ ನಾಲ್ಕು ನಿಮಿಷ ಇಬ್ಬರೂ ಮಾತಾಡಲಿಲ್ಲ.

ನಾನು ನಿಧಾನವಾಗಿದ್ದೇನೆ ಅನ್ನಿಸಿ ಎರಡನೇ ಸಂಜೆ ಕಾಕಾ ನನ್ನ ಲ್ಯಾಪ್‌ಟಾಪ್ ಎಳೆದುಕೊಂಡ. ಯೂನಿಕೋಡ್ ಅವನಿಗೆ ಹೊಸದು ಅಂತ ನಾನು ಹೇಳಿಕೊಡಲು ಹೊರಟೆ. ಅಷ್ಟರಲ್ಲಿ ಒಂದು ಸಾಲು ಟೈಪ್ ಆಗಿತ್ತು. ಕೀಲಿಮಣೆ ಅದೇ ಕೆ.ಪಿ. ರಾವ್ ವಿನ್ಯಾಸ. ಬೆರಳಿಗೆ ಕಲಿಯುವುದು ಏನೂ ಇರಲಿಲ್ಲ. ಇಷ್ಟು ವರ್ಷ ಅವನ ಬೆರಳು ಸರಿಯಾದ ಕನ್ನಡವನ್ನೇ ಬರೆಯುತ್ತಿತ್ತು, ಕೆಳಗಿನ ಖಾನೆಗಳು ಅದನ್ನು ತುಂಡು ಮಾಡುತ್ತಿದ್ದವು.

ಎಲ್ಲ ಮುಗಿದ ಮೇಲೆ ನಾನು ಸುಮ್ಮನೆ ಹುಡುಕುವ ಜಾಗದಲ್ಲಿ 'ಹುಬ್ಬಳ್ಳಿ' ಅಂತ ಹೊಡೆದು ತೋರಿಸಿದೆ, ಈಗ ಇಡೀ ಪುಸ್ತಕದಲ್ಲಿ ಯಾವ ಪದ ಎಲ್ಲಿದೆ ಅಂತ ಕ್ಷಣದಲ್ಲಿ ಸಿಗುತ್ತದೆ ನೋಡ್ರಿ ಅಂತ. ಕಾಕಾನ ಮುಖ ಬದಲಾಯಿತು.

2003ರಲ್ಲಿ ಪುಸ್ತಕ ಬಂದ ಮೇಲೆ ಮಾಸ್ತರಿಗೆ ಎರಡು ತಪ್ಪು ಕಂಡಿತ್ತಂತೆ. ಎರಡು ಕಡೆ ಹೆಬ್ಬಳ್ಳಿ ಇರಬೇಕಾದಲ್ಲಿ ಹುಬ್ಬಳ್ಳಿ ಅಂತ ಬಿದ್ದಿತ್ತು. ದಿನಕ್ಕೆ ಹತ್ತಾರು ಲಗ್ನಪತ್ರಿಕೆ ಮಾಡುವ ಬೆರಳು. ಹ ಒತ್ತಿದ ತಕ್ಷಣ ಅದು ತಾನೇ ಹುಬ್ಬಳ್ಳಿಯ ಕಡೆ ಓಡುತ್ತಿತ್ತು. ಮಾಸ್ತರು ಬೈಯಲಿಲ್ಲ. ಮಾರಾಟವಾಗದೆ ಉಳಿದ ಎಲ್ಲ ಪ್ರತಿಗಳಲ್ಲೂ ಕೆಂಪು ಪೆನ್ನಿನಿಂದ ಕೊಂಬು ಹೊಡೆದು ಎತ್ವ ಬರೆದರು. ಮಗಳ ಪ್ರತಿಯಲ್ಲೂ ಆ ಎರಡು ಕೆಂಪು ಗುರುತು ಇವೆ. ಅಂಗಡಿಗೆ ಯಾವಾಗ ಬಂದರೂ ಮಾಸ್ತರು ಆ ವಿಷಯ ಎತ್ತಲಿಲ್ಲ. ಎತ್ತದೇ ಇದ್ದದ್ದೇ ಕಾಕಾನಿಗೆ ಇಷ್ಟು ವರ್ಷ ಚುಚ್ಚುತ್ತಿತ್ತು.

ಪುಸ್ತಕದಲ್ಲಿ ನಿಜವಾದ ಹುಬ್ಬಳ್ಳಿಯೂ ಬಹಳ ಸಲ ಬರುತ್ತದೆ: ಸಂತೆಗೆ ಹೋದದ್ದು, ಹತ್ತಿ ಮಾರಿದ್ದು, ರೈಲು ನೋಡಿದ್ದು. ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವಂತಿಲ್ಲ. ಕಾಕಾ ಒಂದೊಂದು ಸಾಲನ್ನೂ ಓದಿ, ಇದು ಯಾವ ಊರು ಅಂತ ಯೋಚಿಸಿ, ಮುಂದಕ್ಕೆ ಹೋದ. ಮಾಸ್ತರು ತಿದ್ದಿದ ಎರಡೂ ಸಿಕ್ಕವು. ಆಮೇಲೆ ಒಂದು ಬಾವಿಯ ಕಥೆಯ ನಡುವೆ ಮೂರನೆಯದೂ ಸಿಕ್ಕಿತು. ಅದು ಮಾಸ್ತರ ಕಣ್ಣಿಗೂ ಬಿದ್ದಿರಲಿಲ್ಲ. ಇಪ್ಪತ್ತು ವರ್ಷದಿಂದ ನಮ್ಮೂರ ಒಂದು ಬಾವಿ ಹುಬ್ಬಳ್ಳಿಯಲ್ಲಿತ್ತು.

ಕಾಕಾ ಕೊಂಬು ಅಳಿಸಿ ಎತ್ವ ಹಾಕಿದ. ಸೇವ್ ಮಾಡಿದ. ಮತ್ತೊಮ್ಮೆ ಸೇವ್ ಮಾಡಿದ.

ಹೊಸ ಮುದ್ರಣದ 300 ಪ್ರತಿ ಬಂದಿವೆ. ಆ ಹಾರ್ಡ್ ಡಿಸ್ಕಿನಲ್ಲಿ ಇನ್ನೂ ನೂರಾರು ಫೈಲುಗಳಿವೆ: ಅಭಿನಂದನ ಗ್ರಂಥ, ಜಾತ್ರೆಯ ಸ್ಮರಣ ಸಂಚಿಕೆ, ಯಾರದೋ ಮೊದಲ ಕವನ ಸಂಕಲನ, ಸಹಕಾರಿ ಸಂಘದ ವಾರ್ಷಿಕ ವರದಿ. ತಿಂಗಳಿಗೆ ಒಂದು ವಾರಾಂತ್ಯ ನಾನು ಹೋಗುತ್ತೇನೆ. ಇಲ್ಲಿಯವರೆಗೆ ಒಂಬತ್ತು ಮುಗಿದಿವೆ. ಪರಿವರ್ತಕ ಮಾಡುವಷ್ಟನ್ನು ಅದು ಮಾಡುತ್ತದೆ. ಉಳಿದದ್ದಕ್ಕೆ ಟೈಪ್ ಮಾಡಿದವರೇ ಬೇಕು, ಯಾವ ಅಧ್ಯಾಯ ಯಾವ ಫಾಂಟಿನಲ್ಲಿದೆ ಅಂತ ಅವರಿಗೆ ಮಾತ್ರ ನೆನಪು. ಕಾಕಾನಿಗೆ ಈಗ 64.

ನಿಮ್ಮ ಊರಲ್ಲೂ ಇಂಥ ಒಂದು ಅಂಗಡಿ ಇರುತ್ತದೆ. ನಿಮ್ಮ ಅಕ್ಕನ ಲಗ್ನಪತ್ರಿಕೆ ಮಾಡಿದ್ದು ಅಲ್ಲೇ, ನಿಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯೂ ಅಲ್ಲೇ. ಮುಂದಿನ ಸಲ ಹೋದಾಗ ಮೂಲೆಯಲ್ಲಿ ಟವೆಲ್ ಹೊದ್ದ ಲ್ಯಾಪ್‌ಟಾಪ್ ಕಂಡರೆ, ಇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಅಂತ ನನ್ನ ಹಾಗೆ ಕೇಳಬೇಡಿ. ಇದರೊಳಗೆ ಏನೇನಿದೆ ಅಂತ ಕೇಳಿ. ಪಕ್ಕಕ್ಕೆ ಒಂದು ಕುರ್ಚಿ ಎಳೆದುಕೊಂಡು ಕೂತು ಕೇಳಿ.